ವಿಂಡೋಸ್ ಮತ್ತೆ ಹಾಕುವ ಮುಂಚೆ ಲಕ್ಷಣ ನೋಡಿ, ರಿಕವರಿ ಪಾರ್ಟಿಷನ್ ಉಳಿಸಿಕೊಳ್ಳಿ

ಲ್ಯಾಪ್‌ಟಾಪ್ ಕೈಕೊಟ್ಟರೆ ಬೆಂಗಳೂರಿನಲ್ಲಿ ಮೊದಲು ಸಿಗುವ ಸಲಹೆ "ಫಾರ್ಮ್ಯಾಟ್ ಹೊಡೆಸಿಬಿಡಿ" ಅಂತ. ನಿಧಾನ ಆಯಿತು ಅಂದರೂ ಅದೇ, ನೀಲಿ ಪರದೆ ಬಂತು ಅಂದರೂ ಅದೇ. ಎಷ್ಟೋ ಸಲ ಅದು ಬೇಕಾಗಿಯೇ ಇರುವುದಿಲ್ಲ. ಬೇಕಾದಾಗಲೂ ಇಡೀ ಡಿಸ್ಕ್ ಅಳಿಸಬೇಕಾಗಿಲ್ಲ, ವಿಂಡೋಸ್ ಇರುವ ಸಿ ಡ್ರೈವ್ ಒಂದನ್ನು ಖಾಲಿ ಮಾಡಿದರೆ ಸಾಕು. ಅದರ ಪಕ್ಕದ ರಿಕವರಿ ಪಾರ್ಟಿಷನ್ (ಡಿಸ್ಕ್‌ನಲ್ಲಿ ರಿಪೇರಿಗೆಂದೇ ಬೇರೆ ಮಾಡಿಟ್ಟ ಭಾಗ) ಹೋಯಿತೆಂದರೆ, ಮುಂದಿನ ಸಲ ವಿಂಡೋಸ್ ಏಳದಿದ್ದಾಗ ಪೆನ್‌ಡ್ರೈವ್ ಹುಡುಕಿಕೊಂಡು ಊರೆಲ್ಲ ಅಲೆಯಬೇಕಾಗುತ್ತದೆ.

ರಿಕವರಿ ಪಾರ್ಟಿಷನ್‌ನಲ್ಲಿ ಎರಡು ಬಗೆ ಇವೆ. ಒಂದು ಸಣ್ಣದು, ಸುಮಾರು 500 ಎಂಬಿಯಿಂದ 1 ಜಿಬಿ ತನಕ. ವಿಂಡೋಸ್ ಏಳದಿದ್ದಾಗ ಬರುವ ರಿಪೇರಿ ಪರದೆ ಇಲ್ಲಿರುತ್ತದೆ. ಇನ್ನೊಂದು ದೊಡ್ಡದು, ಸಾಮಾನ್ಯವಾಗಿ 10 ಜಿಬಿಗಿಂತ ಜಾಸ್ತಿ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ ಅದರಲ್ಲಿ ಮೊದಲ ದಿನದ ವಿಂಡೋಸ್, ಡ್ರೈವರ್‌ಗಳು (ವೈಫೈ, ಸೌಂಡ್‌ನಂಥ ಭಾಗಗಳನ್ನು ನಡೆಸುವ ತಂತ್ರಾಂಶ), ತನ್ನ ತಂತ್ರಾಂಶ ಎಲ್ಲವನ್ನೂ ಇಟ್ಟಿರುತ್ತದೆ. ಈ ದೊಡ್ಡದು ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಇರುವುದಿಲ್ಲ. ಈಗ ಕೆಲವು ಕಂಪನಿಗಳು ಅದನ್ನು ಇಂಟರ್‌ನೆಟ್‌ನಿಂದಲೇ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿವೆ.

ಒಂದು ಮೋಸದ ನೋಟ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ರಿಕವರಿ ಪಾರ್ಟಿಷನ್ ಎದುರಿಗೆ "100% ಫ್ರೀ" ಅಂತ ತೋರಿಸುತ್ತದೆ. ಅದನ್ನು ನೋಡಿ ಎಷ್ಟೋ ಜನ "ಸುಮ್ನೆ ಜಾಗ ತಿನ್ನುತ್ತಿದೆ, ಖಾಲಿ ಇದೆ ಅಲ್ವಾ" ಅಂದುಕೊಂಡು ಅಳಿಸಿಬಿಡುತ್ತಾರೆ. ಅದು ಖಾಲಿ ಇಲ್ಲ. ಒಳಗೇನಿದೆ ಎಂದು ಆ ಕಿಟಕಿಗೆ ಓದಲು ಬರುವುದಿಲ್ಲ, ಅಷ್ಟೇ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ "ಹೆಲ್ಪ್" ಬಿಟ್ಟು ಬೇರೇನೂ ಬರದಂತೆ ಇಟ್ಟಿರುವುದೂ ನೀವು ಅದನ್ನು ಮುಟ್ಟಬಾರದು ಅಂತಲೇ.

## ಯಾವ ತೊಂದರೆಯಾದರೂ ಸರಿ, ಮೊದಲು ಇಷ್ಟು ಮಾಡಿ

ಯಂತ್ರ ಇನ್ನೂ ಆನ್ ಆಗುತ್ತಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯ ಒಂದು ಫೋಟೊ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವ ಪಾರ್ಟಿಷನ್ ಎಷ್ಟು ದೊಡ್ಡದು, ಯಾವ ಕ್ರಮದಲ್ಲಿದೆ ಎಂಬುದು ಆಮೇಲೆ ತುಂಬ ಕೆಲಸಕ್ಕೆ ಬರುತ್ತದೆ.

ಆಮೇಲೆ ಫೈಲುಗಳು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೊಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿ. ಅಂಗಡಿ ನಡೆಸುವವರು ಟ್ಯಾಲಿಯನ್ನು ಮರೆಯಬೇಡಿ. ಟ್ಯಾಲಿಪ್ರೈಮ್ ತನ್ನ ಡೇಟಾವನ್ನು ನಿಮ್ಮ ಡಾಕ್ಯುಮೆಂಟ್ಸ್ ಒಳಗೆ ಇಡುವುದಿಲ್ಲ. ಸಾಮಾನ್ಯವಾಗಿ ಅದು ಸಿ ಡ್ರೈವ್, ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಎಂಬ ದಾರಿಯಲ್ಲಿ ಇರುತ್ತದೆ. ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿ ಫಾರ್ಮ್ಯಾಟ್ ಮಾಡಿದರೆ ವರ್ಷದ ಲೆಕ್ಕವೇ ಹೋಗುತ್ತದೆ. ಟ್ಯಾಲಿ ಲೈಸೆನ್ಸನ್ನು ಫಾರ್ಮ್ಯಾಟ್‌ಗೆ ಮುಂಚೆ ಸರೆಂಡರ್ ಮಾಡಿದರೆ ಆಮೇಲೆ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳುವುದು ಸುಲಭ.

ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಅದು ಯಾವ ಮೈಕ್ರೋಸಾಫ್ಟ್ ಖಾತೆಗೆ ಸೇರಿದೆ ಎಂದು ವರ್ಡ್ ತೆರೆದು ಅಕೌಂಟ್ ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಕೊಂಡ ದಿನ ಅಂಗಡಿಯವರೇ ಯಾವುದೋ ಹೊಸ ಇಮೇಲ್ ಮಾಡಿ ಸೇರಿಸಿರುವುದೂ ಉಂಟು.

ಕೊನೆಯದಾಗಿ ಒಂದು ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ. ಸ್ಟಾರ್ಟ್‌ನಲ್ಲಿ "ರಿಕವರಿ ಡ್ರೈವ್" ಎಂದು ಹುಡುಕಿದರೆ ಸಿಗುತ್ತದೆ. ಸಿಸ್ಟಮ್ ಫೈಲುಗಳನ್ನೂ ಸೇರಿಸಬೇಕಾದರೆ 16 ಜಿಬಿ ಪೆನ್‌ಡ್ರೈವ್ ಬೇಕು, 32 ಇದ್ದರೆ ನಿಶ್ಚಿಂತೆ. ಆ ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದನ್ನು ನೋಡಿಕೊಳ್ಳಿ.

ಕರೆಂಟ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಜೆ ಗುಡುಗು ಮಳೆ ಶುರುವಾದರೆ ಕರೆಂಟ್ ಹೋಗುವುದು ನಮ್ಮ ಬಡಾವಣೆಗಳಲ್ಲಿ ಹೊಸದಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಯೇ ಕೆಲಸ ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಾರ್ಟಿಷನ್ ಬದಲಾಗುತ್ತಿರುವಾಗ ಅಥವಾ ಬಯೋಸ್ (ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ.

## "ಬೂಟ್ ಡಿವೈಸ್ ಸಿಗಲಿಲ್ಲ" ಎಂದು ಕಪ್ಪು ಪರದೆ

ಮೊದಲು ಸಿಕ್ಕಿಸಿರುವ ಪೆನ್‌ಡ್ರೈವ್, ಡಾಂಗಲ್, ಮೆಮೊರಿ ಕಾರ್ಡ್ ಎಲ್ಲ ಕೀಳಿ. ಯಂತ್ರ ಡಿಸ್ಕ್ ಬಿಟ್ಟು ಅದರಿಂದ ಏಳಲು ನೋಡುತ್ತಿರಬಹುದು. ಚಾರ್ಜರ್ ತೆಗೆದು, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಇದಕ್ಕೆ ಖರ್ಚೇನೂ ಇಲ್ಲ, ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಸರಿಹೋಗದಿದ್ದರೆ ಬಯೋಸ್‌ಗೆ ಹೋಗಿ. ಅಲ್ಲಿ ಎರಡು ವಿಷಯ ನೋಡಿ. ಒಂದು, ದಿನಾಂಕ ಸರಿ ಇದೆಯಾ? ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ ಎಂದರ್ಥ. ಸೆಲ್ ಮುಗಿದಾಗ ಬಯೋಸ್ ಕಾರ್ಖಾನೆಯಿಂದ ಬಂದಾಗಿನ ಸೆಟ್ಟಿಂಗ್‌ಗೆ ಮರಳುತ್ತದೆ, ಬೂಟ್ ಮೋಡ್ (ಯಂತ್ರ ವಿಂಡೋಸನ್ನು ಎಬ್ಬಿಸುವ ರೀತಿ, ಹೊಸ ಯುಇಎಫ್‌ಐ ಅಥವಾ ಹಳೆಯ ಲೆಗಸಿ) ಬದಲಾಗಬಹುದು, ಚೆನ್ನಾಗಿಯೇ ಇರುವ ವಿಂಡೋಸ್ ಕಾಣೆಯಾದಂತೆ ಆಗುತ್ತದೆ. ಹೊಸ ಸೆಲ್ ಹಾಕಿ, ಬೂಟ್ ಮೋಡ್ ಮೊದಲಿನಂತೆ ಮಾಡಿದರೆ ಮುಗಿಯಿತು. ಇದಕ್ಕೆ ಹೋಗಿ ಫಾರ್ಮ್ಯಾಟ್ ಮಾಡಿಸಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಎರಡು, ಡಿಸ್ಕ್‌ನ ಹೆಸರು ಬಯೋಸ್‌ನಲ್ಲಿ ಕಾಣುತ್ತದೆಯಾ? ಕಂಡರೆ ಸಮಸ್ಯೆ ಹೆಚ್ಚಾಗಿ ವಿಂಡೋಸ್ ಬೂಟ್ ಫೈಲುಗಳದ್ದು, ಮುಂದಿನ ಭಾಗಕ್ಕೆ ಹೋಗಿ. ಕಾಣದಿದ್ದರೆ ಡಿಸ್ಕ್ ಸಡಿಲವಾಗಿದೆ ಅಥವಾ ಸತ್ತಿದೆ. ಆಗ ವಿಂಡೋಸ್ ಎಷ್ಟು ಸಲ ಹಾಕಲು ಹೋದರೂ ಪ್ರಯೋಜನ ಇಲ್ಲ. ಕಂಪನಿಯ ಪರೀಕ್ಷೆಯನ್ನೇ ಓಡಿಸಿ ನೋಡಿ. ಎಚ್‌ಪಿಯಲ್ಲಿ ಆನ್ ಮಾಡಿದ ಕೂಡಲೇ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೊಸ್ಟಿಕ್ಸ್. ಅದು ಡಿಸ್ಕ್ ಫೇಲ್ ಎಂದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಪರೀಕ್ಷೆಯೂ ಬೇಡ, ಆಫ್ ಮಾಡಿಬಿಡಿ. ಆನ್ ಇದ್ದಷ್ಟು ಹೊತ್ತೂ ಒಳಗಿನ ಫೋಟೊಗಳು ಕೈತಪ್ಪುವ ಸಂಭವ ಜಾಸ್ತಿ ಆಗುತ್ತಲೇ ಇರುತ್ತದೆ.

## "ಆಟೋಮ್ಯಾಟಿಕ್ ರಿಪೇರಿ" ಬಂದು ಬಂದು ಹೋಗುತ್ತದೆ, ವಿಂಡೋಸ್ ಬರುವುದಿಲ್ಲ

ಈ ಪರದೆ ಕಂಡರೆ ಸಮಾಧಾನ ಪಡಬೇಕು. ಸಣ್ಣ ರಿಕವರಿ ಪಾರ್ಟಿಷನ್ ಜೀವಂತ ಇದೆ ಮತ್ತು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದು ತಾನಾಗಿ ಬರದಿದ್ದರೆ, ಲೋಗೋ ಕಂಡು ಚುಕ್ಕಿಗಳು ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಬರುತ್ತದೆ.

ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್. ಈ ಕ್ರಮದಲ್ಲಿ ಹೋಗಿ: ಸ್ಟಾರ್ಟಪ್ ರಿಪೇರಿ ಒಂದು ಸಲ. ನಿನ್ನೆ ಮೊನ್ನೆ ಅಪ್‌ಡೇಟ್ ಆಗಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಆಮೇಲೆ ಸಿಸ್ಟಮ್ ರಿಸ್ಟೋರ್. ಈ ಮೂರರಿಂದಲೂ ನಿಮ್ಮ ಫೈಲು ಹೋಗುವುದಿಲ್ಲ.

ಮೂರೂ ಫಲ ಕೊಡದಿದ್ದರೆ ಫೈಲುಗಳನ್ನು ಹೊರಗೆ ತೆಗೆಯುವ ಸಮಯ. ವಿಂಡೋಸ್ ಏಳದೆ ಹೇಗೆ ಅಂತ ಕೇಳಬಹುದು. ದಾರಿ ಇದೆ. ಇದೇ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ನೋಟ್‌ಪ್ಯಾಡ್" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಬರುತ್ತದೆ. ಫೈಲ್, ಓಪನ್ ಒತ್ತಿ. ಕೆಳಗೆ "ಆಲ್ ಫೈಲ್ಸ್" ಆರಿಸಿ. ಈಗ ನಿಮ್ಮ ಎಲ್ಲ ಡ್ರೈವ್‌ಗಳೂ ಆ ಸಣ್ಣ ಕಿಟಕಿಯಲ್ಲಿ ಕಾಣುತ್ತವೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ. ಹೊರಗಿನ ಡಿಸ್ಕ್‌ಗೆ ಹೋಗಿ ಪೇಸ್ಟ್. ಎಷ್ಟು ಕಾಪಿ ಆಯಿತು ಎಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಕಲ್ಲಿನಂತೆ ನಿಂತುಬಿಡುತ್ತದೆ. ಕೆಟ್ಟುಹೋಯಿತು ಅಂದುಕೊಳ್ಳಬೇಡಿ, ಕಾಯಿರಿ. ಇಲ್ಲಿ ಡ್ರೈವ್‌ಗಳ ಅಕ್ಷರ ಬದಲಾಗಿರಬಹುದು, ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇದೆಯಾ ಎಂದು ನೋಡಿ ಗುರುತು ಹಿಡಿಯಿರಿ.

ಫೈಲು ಹೊರಗೆ ಬಂದ ಮೇಲೆ "ರೀಸೆಟ್ ದಿಸ್ ಪಿಸಿ". ಅದರಲ್ಲಿ "ಕೀಪ್ ಮೈ ಫೈಲ್ಸ್" ಆರಿಸಿದರೆ ನಿಮ್ಮ ಫೈಲುಗಳು ಉಳಿಯುತ್ತವೆ, ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಆಮೇಲೆ "ಕ್ಲೌಡ್ ಡೌನ್‌ಲೋಡ್" ಬೇಕಾ, "ಲೋಕಲ್" ಬೇಕಾ ಎಂದು ಕೇಳುತ್ತದೆ. ಒಳ್ಳೆಯ ವೈಫೈ ಇದ್ದರೆ ಕ್ಲೌಡ್ ಆರಿಸಿ. ಸುಮಾರು 4 ಜಿಬಿ ಇಳಿಯುತ್ತದೆ, ಕೆಟ್ಟ ಫೈಲುಗಳ ಬದಲು ಹೊಸವು ಬರುತ್ತವೆ. ರೀಸೆಟ್ ರಿಕವರಿ ಪಾರ್ಟಿಷನ್‌ಗಳನ್ನು ಅಳಿಸುವುದಿಲ್ಲ. ಹಾಗಾಗಿ ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕುವುದಕ್ಕಿಂತ ಇದನ್ನು ಮೊದಲು ನೋಡುವುದು ಒಳ್ಳೆಯದು.

ವಿಂಡೋಸ್ 11 ಹೇಗೋ ತೆರೆದುಕೊಳ್ಳುತ್ತಿದೆ, ಆದರೆ ಅಪ್‌ಡೇಟ್ ಆಗುತ್ತಿಲ್ಲ, ಅದು ಇದು ಕೆಟ್ಟಿದೆ ಎಂದಾದರೆ ಇನ್ನೂ ಮೆತ್ತನೆಯ ದಾರಿ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಪುಟದಲ್ಲಿ "ರೀಇನ್‌ಸ್ಟಾಲ್ ನೌ" ಎಂಬ ಬಟನ್. ವಿಂಡೋಸ್ ತನ್ನ ಮೇಲೆ ತಾನೇ ಹೊಸದಾಗಿ ಕೂರುತ್ತದೆ. ಫೈಲು, ತಂತ್ರಾಂಶ, ಸೆಟ್ಟಿಂಗ್ ಎಲ್ಲ ಉಳಿಯುತ್ತದೆ. ಇಷ್ಟು ಒಳ್ಳೆಯ ಬಟನ್ ಇರುವುದು ತುಂಬ ಜನಕ್ಕೆ ಗೊತ್ತೇ ಇಲ್ಲ.

ಕಂಪನಿಯ ದೊಡ್ಡ ರಿಕವರಿ ಪಾರ್ಟಿಷನ್ ಬಳಸುವುದು ಇದೆಲ್ಲದರ ನಂತರ. ಎಚ್‌ಪಿಯಲ್ಲಿ ಆನ್ ಮಾಡುವಾಗ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಆಸುಸ್‌ನ ಬಹಳಷ್ಟು ಮಾದರಿಗಳಲ್ಲಿ ಎಫ್9, ಡೆಲ್‌ನಲ್ಲಿ ಎಫ್12 ಪಟ್ಟಿಯಿಂದ ಸಪೋರ್ಟ್‌ಅಸಿಸ್ಟ್ ಓಎಸ್ ರಿಕವರಿ. ಲೆನೊವೊದ ಎಷ್ಟೋ ಐಡಿಯಾಪ್ಯಾಡ್‌ಗಳಲ್ಲಿ ಬದಿಯಲ್ಲಿ ಪಿನ್ನಿನಿಂದ ಒತ್ತುವಷ್ಟು ಸಣ್ಣ ತೂತು ಇರುತ್ತದೆ, ಅದೇ ನೊವೊ ಬಟನ್. ಎಚ್ಚರ: ಫ್ಯಾಕ್ಟರಿ ರಿಸ್ಟೋರ್ ಎಂದರೆ ಲ್ಯಾಪ್‌ಟಾಪ್ ಕೊಂಡ ದಿನದ ಸ್ಥಿತಿ. ನಿಮ್ಮ ಫೈಲು ಉಳಿಯುವುದಿಲ್ಲ, ಕೆಲವು ಮಾದರಿಗಳಲ್ಲಿ ನೀವು ಮಾಡಿಕೊಂಡ ಡಿ ಡ್ರೈವ್ ಕೂಡ ಹೋಗುತ್ತದೆ. ಲ್ಯಾಪ್‌ಟಾಪ್ ವಿಂಡೋಸ್ 10 ಜೊತೆ ಬಂದಿದ್ದರೆ ವಿಂಡೋಸ್ 10ಕ್ಕೇ ಮರಳುತ್ತದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರಕ್ಕೆ 11ರ ಅರ್ಹತೆ ಇದ್ದರೆ, ಅಂದರೆ ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಏಳುವ ವ್ಯವಸ್ಥೆ) ಎಲ್ಲ ಇದ್ದರೆ, ಕೂಡಲೇ ಅದಕ್ಕೆ ಏರಿಸಿಕೊಳ್ಳಿ.

## ನೀಲಿ ಪರದೆ 48 ಅಂಕಿಯ ಕೀ ಕೇಳುತ್ತಿದೆ

ಇದು ವೈರಸ್ ಅಲ್ಲ, ಕೆಡುಕೂ ಅಲ್ಲ. ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದೆ. ಬಯೋಸ್ ಅಪ್‌ಡೇಟ್ ಆದರೆ, ಸೆಕ್ಯೂರ್ ಬೂಟ್ ಆಫ್ ಮಾಡಿದರೆ, ಬೂಟ್ ಕ್ರಮ ಬದಲಿಸಿದರೆ ಅದು ಕೀ ಕೇಳುತ್ತದೆ. "ನಾನು ಬೀಗ ಹಾಕಿಯೇ ಇಲ್ಲವಲ್ಲ" ಎನ್ನುವವರೇ ಜಾಸ್ತಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಇದೇ ಬೀಗ ತಾನಾಗಿಯೇ ಆನ್ ಆಗಿರುತ್ತದೆ.

ಮೊದಲು ಬಯೋಸ್‌ನಲ್ಲಿ ಏನಾದರೂ ಬದಲಿಸಿದ್ದರೆ ವಾಪಸ್ ಮೊದಲಿನಂತೆ ಮಾಡಿ ನೋಡಿ. ಆಗದಿದ್ದರೆ ಫೋನಿನಲ್ಲಿ ಅದೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಭಾಗದಲ್ಲಿ ಬಿಟ್‌ಲಾಕರ್ ರಿಕವರಿ ಕೀ ಹುಡುಕಿ. ಪರದೆಯ ಮೇಲಿನ ಕೀ ಐಡಿಯ ಮೊದಲ ಅಕ್ಷರಗಳಿಗೆ ಹೊಂದುವ ಕೀ ಅನ್ನೇ ಹಾಕಬೇಕು. ಮಗಳ ಖಾತೆಯಿಂದ ಅಪ್ಪನ ಲ್ಯಾಪ್‌ಟಾಪ್ ಶುರು ಮಾಡಿರುವುದು ನಮ್ಮ ಮನೆಗಳಲ್ಲಿ ಮಾಮೂಲು, ಹಾಗಾಗಿ ಮನೆಯವರೆಲ್ಲರ ಖಾತೆಯನ್ನೂ ನೋಡಿ.

ಕೀ ಎಲ್ಲೂ ಸಿಗದಿದ್ದರೆ ವಿಂಡೋಸ್ ಹೊಸದಾಗಿ ಹಾಕಬಹುದು, ಆದರೆ ಹಳೆಯ ಫೈಲು ಸಿಗುವುದಿಲ್ಲ. ಯಾರಾದರೂ ದುಡ್ಡು ತೆಗೆದುಕೊಂಡು "ಬೀಗ ಒಡೆದುಕೊಡುತ್ತೇವೆ" ಎಂದರೆ ನಂಬಬೇಡಿ. ಫೈಲು ಮುಖ್ಯವಾಗಿದ್ದರೆ ಇಲ್ಲೇ ನಿಲ್ಲಿಸಿ, ಕೀ ಹುಡುಕುವುದಕ್ಕೇ ಸಮಯ ಕೊಡಿ.

## ಎಲ್ಲ ಸರಿ ಇದೆ, ಆದರೆ ತೆವಳುತ್ತದೆ

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100% ತೋರಿಸುತ್ತಿದೆಯಾ? ಒಳಗಿರುವುದು ಹಳೆಯ ತಿರುಗುವ ಹಾರ್ಡ್ ಡಿಸ್ಕಾ? ಹಾಗಿದ್ದರೆ ಫಾರ್ಮ್ಯಾಟ್ ಮಾಡಿದರೆ ವಾರ ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಅದೇ ಕಥೆ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಆದರೆ ರಿಕವರಿ ಪಾರ್ಟಿಷನ್ ಹಳೆಯ ಡಿಸ್ಕ್‌ನಲ್ಲೇ ಇದೆ, ನೆನಪಿರಲಿ. ಇಡೀ ಡಿಸ್ಕನ್ನು ಕ್ಲೋನ್ ಮಾಡಿಸಿ (ಇದ್ದಂತೆಯೇ ನಕಲು ಮಾಡಿಸಿ), ಸಿ ಡ್ರೈವ್ ಮಾತ್ರ ಅಲ್ಲ. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ರಿಕವರಿಯೂ ಇದೆ, ನಿಮ್ಮ ಆಧಾರ್ ಸ್ಕ್ಯಾನೂ ಇದೆ.

## ಹೊಸದಾಗಿ ಹಾಕಲು ಕೂತರೆ ಐದಾರು ಪಾರ್ಟಿಷನ್ ಕಾಣುತ್ತಿವೆ, ಯಾವುದನ್ನು ಅಳಿಸಲಿ?

ಇಡೀ ಕೆಲಸದ ಮುಖ್ಯ ಜಾಗ ಇದೇ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುವಾಗ, ಎಲ್ಲಿ ಹಾಕಬೇಕು ಎಂದು ಕೇಳುವ ಪರದೆ ಬರುತ್ತದೆ. 512 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಅದು ಹೆಚ್ಚುಕಮ್ಮಿ ಹೀಗಿರುತ್ತದೆ. ಮೊದಲನೆಯದು 100 ಅಥವಾ 260 ಎಂಬಿ, ಎದುರಿಗೆ "ಸಿಸ್ಟಮ್". ಇದರಲ್ಲಿ ಬೂಟ್ ಫೈಲುಗಳಿವೆ. ಎರಡನೆಯದು 16 ಎಂಬಿ, "ಎಂಎಸ್‌ಆರ್", ವಿಂಡೋಸ್ ತನಗಾಗಿ ಕಾದಿರಿಸಿದ ಜಾಗ. ಮೂರನೆಯದು ನಾನೂರು ಚಿಲ್ಲರೆ ಜಿಬಿ, "ಪ್ರೈಮರಿ". ಇದೇ ನಿಮ್ಮ ಸಿ. ಆಮೇಲೆ ಒಂದು ಎರಡು ಸಾಲು "ರಿಕವರಿ" ಅಥವಾ "ಒಇಎಂ" (ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯದು) ಎಂದು.

ನೀವು ಮುಟ್ಟಬೇಕಾದದ್ದು "ಪ್ರೈಮರಿ" ಒಂದನ್ನೇ. ಅದನ್ನು ಆರಿಸಿ "ಫಾರ್ಮ್ಯಾಟ್" ಒತ್ತಿ, ಆಮೇಲೆ "ನೆಕ್ಸ್ಟ್". "ಡಿಲೀಟ್" ಗಿಂತ "ಫಾರ್ಮ್ಯಾಟ್" ವಾಸಿ, ಯಾಕೆಂದರೆ ಪಾರ್ಟಿಷನ್‌ಗಳ ಗಡಿ ಇದ್ದಲ್ಲೇ ಇರುತ್ತದೆ. ನೀವೇ ಮಾಡಿಕೊಂಡ ಡಿ ಡ್ರೈವ್ ಇದ್ದರೆ ಅದೂ "ಪ್ರೈಮರಿ" ಎಂದೇ ಕಾಣುತ್ತದೆ. ಗಾತ್ರ ನೋಡಿ, ತೆಗೆದಿಟ್ಟ ಫೋಟೊ ನೋಡಿ, ಖಚಿತ ಮಾಡಿಕೊಂಡೇ ಒತ್ತಿ.

ಎರಡು ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಬರುತ್ತದೆ. ಅಂಕಿ ನಂಬಬೇಡಿ, ಗಾತ್ರ ನಂಬಿ. 1 ಟಿಬಿ ಡಿಸ್ಕ್ ಇಲ್ಲಿ ಸುಮಾರು 931 ಜಿಬಿ ಎಂದೂ, 512 ಜಿಬಿ ಸುಮಾರು 476 ಜಿಬಿ ಎಂದೂ ಕಾಣುತ್ತದೆ.

ಫಾರ್ಮ್ಯಾಟ್ ಮಾಡದೆ ಸುಮ್ನೆ "ನೆಕ್ಸ್ಟ್" ಒತ್ತಿದರೆ ಹಳೆಯ ಫೈಲುಗಳು "ವಿಂಡೋಸ್ ಡಾಟ್ ಓಲ್ಡ್" ಎಂಬ ಫೋಲ್ಡರ್‌ಗೆ ಹೋಗುತ್ತವೆ. ಜಾಗ ಇದ್ದರೆ ಇದೂ ಒಳ್ಳೆಯದೇ. ಆದರೆ ಆ ಫೋಲ್ಡರ್ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗಬಹುದು, ಬೇಗ ಕಾಪಿ ಮಾಡಿಕೊಳ್ಳಿ.

ವಿಡಿಯೊ ನೋಡಿಕೊಂಡು ಡಿಸ್ಕ್‌ಪಾರ್ಟ್ (ಆದೇಶ ಟೈಪ್ ಮಾಡಿ ಪಾರ್ಟಿಷನ್ ಬದಲಿಸುವ ತಂತ್ರಾಂಶ) ತೆರೆದು "ಕ್ಲೀನ್" ಎಂಬ ಆದೇಶ ಕೊಡುವವರಿಗೆ ಒಂದು ಮಾತು. ಅದು ಸ್ವಚ್ಛ ಮಾಡುವುದಲ್ಲ. ಆ ಡಿಸ್ಕ್‌ನ ಎಲ್ಲ ಪಾರ್ಟಿಷನ್‌ಗಳನ್ನೂ, ರಿಕವರಿ ಸಮೇತ, ಕ್ಷಣದಲ್ಲಿ ಅಳಿಸುತ್ತದೆ. ಮಧ್ಯದಲ್ಲಿ "ಖಚಿತವಾ?" ಎಂದು ಕೇಳುವುದೂ ಇಲ್ಲ.

## ಆ ಪಟ್ಟಿಯಲ್ಲಿ ಡಿಸ್ಕೇ ಕಾಣುತ್ತಿಲ್ಲ

ಇಂಟೆಲ್ 11ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇದ್ದರೆ ಬಹುತೇಕ ಕಾರಣ ವಿಎಂಡಿ, ಅಂದರೆ ಡಿಸ್ಕನ್ನು ನಿಯಂತ್ರಿಸುವ ಇಂಟೆಲ್ ವ್ಯವಸ್ಥೆ. ಡಿಸ್ಕ್ ಸರಿಯಾಗಿಯೇ ಇದೆ, ಅದನ್ನು ನೋಡುವ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇಲ್ಲ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ನಿಮ್ಮ ಮಾದರಿಯ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಹಾಕಿ. ಪಟ್ಟಿ ಇರುವ ಪರದೆಯಲ್ಲಿ "ಲೋಡ್ ಡ್ರೈವರ್" ಒತ್ತಿ ಅದನ್ನು ತೋರಿಸಿದರೆ ಡಿಸ್ಕ್ ಬರುತ್ತದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವ ಸಲಹೆಯೂ ಸಿಗುತ್ತದೆ. ಹಾಗೆ ಮಾಡಿದರೆ ಹಳೆಯ ವಿಂಡೋಸ್ ಏಳದೆ ಹೋಗಬಹುದು. ಡ್ರೈವರ್ ದಾರಿಯೇ ಸರಿ.

## "ಈ ಡಿಸ್ಕ್ ಮೇಲೆ ವಿಂಡೋಸ್ ಹಾಕಲಾಗುವುದಿಲ್ಲ", ಜಿಪಿಟಿ ಎಂಬಿಆರ್ ತಕರಾರು

ಜಿಪಿಟಿ, ಎಂಬಿಆರ್ ಎಂದರೆ ಡಿಸ್ಕ್‌ನಲ್ಲಿ ಪಾರ್ಟಿಷನ್‌ಗಳ ಪಟ್ಟಿ ಇಡುವ ಎರಡು ಬಗೆ, ಮೊದಲನೆಯದು ಹೊಸದು, ಎರಡನೆಯದು ಹಳೆಯದು. ಪೆನ್‌ಡ್ರೈವ್ ಒಂದು ಮೋಡ್‌ನಲ್ಲಿ ಎದ್ದಿದೆ, ಡಿಸ್ಕ್ ಇನ್ನೊಂದು ಮೋಡ್‌ನಲ್ಲಿದೆ. ಇದಕ್ಕೆ ಡಿಸ್ಕ್ ಅಳಿಸಿ ಬದಲಿಸುವ ಅಗತ್ಯ ಇಲ್ಲ. ಆಫ್ ಮಾಡಿ, ಮತ್ತೆ ಆನ್ ಮಾಡುವಾಗ ಬೂಟ್ ಪಟ್ಟಿಗೆ (ಯಾವುದರಿಂದ ಏಳಬೇಕು ಎಂದು ಆರಿಸುವ ಪಟ್ಟಿ) ಹೋಗಿ. ಪೆನ್‌ಡ್ರೈವ್‌ನ ಹೆಸರು ಅಲ್ಲಿ ಎರಡು ಸಲ ಇರಬಹುದು, ಒಂದರ ಮುಂದೆ "ಯುಇಎಫ್‌ಐ" ಎಂದು. ಜಿಪಿಟಿ ಡಿಸ್ಕ್ ಆದರೆ ಯುಇಎಫ್‌ಐ ಇರುವುದನ್ನು, ಎಂಬಿಆರ್ ಆದರೆ ಇಲ್ಲದ್ದನ್ನು ಆರಿಸಿ. ಹಳೆಯ ಎಂಬಿಆರ್ ಡಿಸ್ಕ್ ಮೇಲೆ ವಿಂಡೋಸ್ 11 ಬೇಕೇ ಬೇಕು ಎಂದಾದರೆ ಅದು ಬೇರೆಯೇ ಕೆಲಸ, ಗೊತ್ತಿರುವವರನ್ನು ಜೊತೆಗೆ ಕೂರಿಸಿಕೊಳ್ಳಿ.

## ಹಾಕಿದ್ದಾಯಿತು, ಆದರೆ ರಿಕವರಿ ಬರುತ್ತಿಲ್ಲ

ಪಾರ್ಟಿಷನ್ ಇರುವುದು ಬೇರೆ, ಕೀಲಿ ಒತ್ತಿದರೆ ಅದು ಏಳುವುದು ಬೇರೆ. ಮೊದಲು ಸಣ್ಣ ರಿಕವರಿ ನೋಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆಯಿರಿ. ಆರ್, ಇ, ಎ, ಜಿ, ಇ, ಎನ್, ಟಿ, ಸಿ ಎಂಬ ಅಕ್ಷರಗಳನ್ನು ಜಾಗ ಬಿಡದೆ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಮುಂದೆ ವಾಲಿದ ಗೀಟು ಹಾಕಿ "ಇನ್ಫೋ" ಸೇರಿಸಿ ಎಂಟರ್ ಒತ್ತಿ. "ಎನೇಬಲ್ಡ್" ಎಂದು ಬಂದರೆ ಎಲ್ಲ ಸರಿ ಇದೆ. "ಡಿಸೇಬಲ್ಡ್" ಎಂದರೆ ಅದೇ ಆದೇಶವನ್ನು "ಇನ್ಫೋ" ಬದಲು "ಎನೇಬಲ್" ಹಾಕಿ ಕೊಡಿ. ಹೆಚ್ಚಿನ ಸಲ ಇಷ್ಟಕ್ಕೇ ಜೀವ ಬರುತ್ತದೆ. ಈಗ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ, ಕಣ್ಣಾರೆ ನೋಡಿಬಿಡಿ.

ಕಂಪನಿಯ ಎಫ್11 ಅಥವಾ ಎಫ್9 ಕೆಲಸ ಮಾಡದಿದ್ದರೆ ಗಾಬರಿ ಬೇಡ. ಹೊಸ ವಿಂಡೋಸ್ ತನ್ನದೇ ರಿಪೇರಿ ಪರದೆಯನ್ನು ಮುಂದಿಟ್ಟಿರುತ್ತದೆ, ಕಂಪನಿಯ ಕೊಂಡಿ ಕಳಚಿರಬಹುದು. ಪಾರ್ಟಿಷನ್ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುತ್ತಿದ್ದರೆ ಕಂಪನಿಯ ಸಹಾಯವಾಣಿಗೆ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಡಿಸ್ಕ್‌ನಲ್ಲಿ ಈಗ ಎರಡು ರಿಕವರಿ ಕಂಡರೂ ಒಂದನ್ನು ಅಳಿಸಲು ಹೋಗಬೇಡಿ. ಹಳೆಯದು ಉಳಿದಿದೆ, ವಿಂಡೋಸ್ ಹೊಸದೊಂದನ್ನು ಮಾಡಿಕೊಂಡಿದೆ, ಅಷ್ಟೇ.

"ರಿಕವರಿ" ಎಂಬ ಹೆಸರಿನ ಡ್ರೈವ್ ದಿಸ್ ಪಿಸಿಯಲ್ಲಿ ಕೆಂಪು ಪಟ್ಟಿಯೊಂದಿಗೆ ಕಾಣಿಸಿಕೊಂಡು "ಜಾಗ ಇಲ್ಲ" ಎಂದು ಎಚ್ಚರಿಸುತ್ತಿದೆಯಾ? 2018ರ ಏಪ್ರಿಲ್‌ನ ವಿಂಡೋಸ್ 10 ಅಪ್‌ಡೇಟ್ ಆದಾಗ ಇದು ತುಂಬ ಯಂತ್ರಗಳಲ್ಲಿ ಆಗಿತ್ತು. ಒಳಗಿನ ಫೈಲು ಅಳಿಸಿ ಜಾಗ ಮಾಡಬೇಡಿ. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೌಂಟ್‌ವಾಲ್ (mountvol) ಆದೇಶದಿಂದ ಅದರ ಡ್ರೈವ್ ಅಕ್ಷರ ತೆಗೆದರೆ ಎಚ್ಚರಿಕೆ ನಿಲ್ಲುತ್ತದೆ.

2024ರ ಜನವರಿಯಲ್ಲಿ ಬಂದ ಒಂದು ವಿಂಡೋಸ್ 10 ಅಪ್‌ಡೇಟ್ 0ಎಕ್ಸ್80070643 ಎಂಬ ದೋಷ ತೋರಿಸಿ ನಿಲ್ಲುತ್ತಿತ್ತು. ಕಾರಣ ಸಣ್ಣ ರಿಕವರಿಯಲ್ಲಿ 250 ಎಂಬಿ ಖಾಲಿ ಜಾಗ ಇಲ್ಲದಿರುವುದು. ಅದಕ್ಕಾಗಿ ದೊಡ್ಡ ರಿಕವರಿಯನ್ನು ಅಳಿಸಿದರೆ ಏನೂ ಸಿಗುವುದಿಲ್ಲ, ಅದು ಬೇರೆ ಪಾರ್ಟಿಷನ್.

## ವೈಫೈ ಇಲ್ಲ, ಮುಂದೆ ಹೋಗುತ್ತಿಲ್ಲ

ವಿಂಡೋಸ್ 11 ಹೋಮ್ ಮೊದಲ ಸಲ ಏಳುವಾಗ ಇಂಟರ್‌ನೆಟ್ ಕೇಳುತ್ತದೆ. ವೈಫೈ ಡ್ರೈವರ್ ಇಲ್ಲದಿದ್ದರೆ ಪಟ್ಟಿ ಖಾಲಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಅಷ್ಟು ಸಾಕು. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿದರೆ ಉಳಿದ ಡ್ರೈವರ್‌ಗಳು ತಾವಾಗಿ ಬರುತ್ತವೆ.

## ನುಡಿ ತಂತ್ರಾಂಶದಲ್ಲಿ ಬರೆದ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳು

ಮೇಷ್ಟ್ರುಗಳು, ವಕೀಲರು, ಡಿಟಿಪಿ ಮಾಡುವವರು ಇದನ್ನು ನೋಡಿ ಕಂಗಾಲಾಗುತ್ತಾರೆ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು ಇರುವ ಯುರೋಪಿನ ಅಕ್ಷರ, ನಡುವೆ ಚಿಹ್ನೆಗಳು. ಕಡತ ಕೆಟ್ಟಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಕನ್ನಡದ ರೂಪ ಫಾಂಟ್‌ನಲ್ಲಿ ಇರುತ್ತದೆ, ಆ ಫಾಂಟ್ ಸಿ ಡ್ರೈವ್ ಜೊತೆ ಹೋಯಿತು. ಅದೇ ತಂತ್ರಾಂಶವನ್ನು ಮತ್ತೆ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಆ ಕಡತಗಳಲ್ಲಿ ಫಾಂಟ್ ಬದಲಿಸಿ ಸೇವ್ ಮಾಡಬೇಡಿ. ಆಮೇಲೆ ಬಿಡುವು ಮಾಡಿಕೊಂಡು ನುಡಿಯ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಡಿ. ಹೀಗೆ ಮಾಡಿದ ಕಡತ ಯಾವ ಫೋನಿನಲ್ಲೂ ತೆರೆದುಕೊಳ್ಳುತ್ತದೆ.

## ಇಲ್ಲಿಗೆ ನಿಲ್ಲಿಸಿ

ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಕೆಳಭಾಗ ಬಿರಿದಿದ್ದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ನೀವೇ ಬಿಚ್ಚಬೇಡಿ. ಸರ್ವಿಸ್ ಸೆಂಟರ್‌ಗೆ ಕೊಡಿ. ಸುಟ್ಟ ವಾಸನೆ ಬಂದರೂ ಹಾಗೆಯೇ.

ಬೇರೆಲ್ಲೂ ಕಾಪಿ ಇಲ್ಲದ ಫೈಲುಗಳಿವೆ, ಡಿಸ್ಕ್ ಫೇಲ್ ತೋರಿಸುತ್ತಿದೆ ಎಂದರೆ ಡೇಟಾ ರಿಕವರಿ ಮಾಡುವವರ ಬಳಿ ಹೋಗಿ. ಮೊದಲು ವಿಂಡೋಸ್ ಹಾಕಿ ಆಮೇಲೆ ಹೋದರೆ ಸಿಗುವುದು ಕಡಿಮೆ. ವಾರಂಟಿ ಇದ್ದರೆ ಕವಚ ಬಿಚ್ಚುವ ಮುಂಚೆ ಕಂಪನಿಗೆ ಫೋನ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಈ ಬರಹದ ಯಾವುದನ್ನೂ ಮಾಡಬೇಡಿ, ಐಟಿ ವಿಭಾಗಕ್ಕೆ ಕೊಡಿ. ವಿಂಡೋಸ್ ಹೊಸದಾಗಿ ಹಾಕಿದರೂ ಮತ್ತೆ ನೀಲಿ ಪರದೆ ಬರುತ್ತಿದ್ದರೆ ರ‍್ಯಾಮ್ ಸಂಶಯ ಪಡಿ. ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಓಡಿಸಿ, ದೋಷ ಕಂಡರೆ ಹಾರ್ಡ್‌ವೇರ್ ನೋಡುವವರ ಕೈಗೆ ಕೊಡಿ.

## ಅಂಗಡಿಗೆ ಕೊಡುವುದಾದರೆ

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಲ್ಲಿ ಈ ಕೆಲಸ ಬಲ್ಲವರಿಗೆ ಕೊರತೆ ಇಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಗೆ ಬಂದರೆ ಅಲ್ಲಿಂದ ನಡೆದುಕೊಂಡೇ ಹೋಗಬಹುದು. ಹುಡುಗರು ಚುರುಕು, ಆದರೆ ದಿನಕ್ಕೆ ಹತ್ತಾರು ಯಂತ್ರ ಮುಗಿಸುವ ಅವಸರ ಇರುತ್ತದೆ. "ಸರ್, ಫುಲ್ ಫಾರ್ಮ್ಯಾಟ್ ಹೊಡೆದುಬಿಡೋಣ, ಕ್ಲೀನಾಗಿರುತ್ತೆ" ಎನ್ನುತ್ತಾರೆ. ಕೇಳದಿದ್ದರೆ ಎಲ್ಲ ಪಾರ್ಟಿಷನ್ ಅಳಿಸುವುದೇ ಅವರಿಗೆ ಬೇಗ ಆಗುವ ದಾರಿ. ಹಾಗಾಗಿ ನೀವೇ ಹೇಳಿ: "ಅಣ್ಣ, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ. ರಿಕವರಿ, ಸಿಸ್ಟಮ್ ಪಾರ್ಟಿಷನ್ ಹಾಗೇ ಇರಲಿ. ಬಂದಿದ್ದ ಎಡಿಷನ್ನೇ ಹಾಕಿ." ರಸೀದಿಯ ಮೇಲೂ ಬರೆಸಿಕೊಳ್ಳಿ.

ಎಡಿಷನ್ ಮಾತು ಯಾಕೆಂದರೆ, ಇಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಡಿಷನ್‌ನಲ್ಲಿ ಬರುತ್ತವೆ. ಅದರ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಎಡಿಷನ್ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ, ಒಂದು ರೂಪಾಯಿ ಕೊಡಬೇಕಾಗಿಲ್ಲ. ಪ್ರೊ ಹಾಕಿ ಯಾವುದೋ ಆಕ್ಟಿವೇಟರ್ ಓಡಿಸಿದರೆ ನಿಮ್ಮ ಅಸಲಿ ಲೈಸೆನ್ಸ್ ಸುಮ್ನೆ ಕೂತಿರುತ್ತದೆ, ಜೊತೆಗೆ ಒಳಗೆ ಏನು ಬಂತೋ ಗೊತ್ತಾಗುವುದಿಲ್ಲ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟ ತೆರೆಸಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂದೇ ಇದೆಯಾ ನೋಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರಿಕವರಿ ಸಾಲುಗಳು ಇವೆಯಾ ಎಂದು ಎಣಿಸಿಕೊಂಡು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿ.